ಮಕ್ಕಳ ದೇಶದಲ್ಲಿ ಬಾಗಿಲು ಮುಚ್ಚಿದಾಗ



2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಹಿರಿಯರು ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ, ಮಗನ ಗೃಹಪ್ರವೇಶಕ್ಕೆ, ಇಲ್ಲವೇ ಸುಮ್ಮನೆ ಮೊಮ್ಮಕ್ಕಳನ್ನು ನೋಡಿ ಬರೋಣವೆಂದು ಇಂಗ್ಲೆಂಡಿಗೋ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿದ್ದರು. ಅಲ್ಲೇ ಉಳಿಯಬೇಕೆಂದು ಹೋದವರಲ್ಲ. ಮನೆಯ ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು, ತುಳಸಿಗೆ ನೀರು ಹಾಕಲು ಹೇಳಿ, ಇರುವಷ್ಟು ದಿನಕ್ಕೆ ಲೆಕ್ಕ ಹಾಕಿ ಮಾತ್ರೆ ಕಟ್ಟಿಕೊಂಡು ಹೋದವರು. ನಾನೂ ನಮ್ಮ ಯಜಮಾನರೂ ಹಾಗೆಯೇ ಹೋಗಿದ್ದೆವು. ಲಂಡನ್ನಿನಿಂದ ಪಶ್ಚಿಮಕ್ಕೆ, ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ ದೂರದ ರೆಡಿಂಗ್ ಊರಿನಲ್ಲಿ ನಮ್ಮ ಮಗಳ ಮನೆ. ಏಪ್ರಿಲ್‌ನಲ್ಲಿ ಮರಳಲು ಟಿಕೆಟ್ ಆಗಿತ್ತು.

ಆ ವರ್ಷದ ಮಾತು ಬಂದರೆ ಎಲ್ಲರೂ ರೋಗದ ಬಗ್ಗೆ, ಆಸ್ಪತ್ರೆಗಳ ಬಗ್ಗೆ ಹೇಳುತ್ತಾರೆ. ಅದು ಸಹಜ. ನಾನು ಇವತ್ತು ಹೇಳಬೇಕೆಂದಿರುವುದು ರೋಗ ತಗಲದವರ ವಿಷಯ. ಮಕ್ಕಳ ಮನೆಯಲ್ಲಿ, ಪ್ರೀತಿಯ ನಡುವೆ, ಹೊತ್ತುಹೊತ್ತಿಗೆ ಉಂಡುಕೊಂಡು ಇದ್ದ ಹಿರಿಯರು ಆ ಕೆಲವು ತಿಂಗಳಲ್ಲಿ ಯಾಕೆ ಅಷ್ಟು ಸೊರಗಿಹೋದರು ಎಂಬ ವಿಷಯ.

ಬಾಗಿಲುಗಳು ಒಂದೇ ದಿನ ಮುಚ್ಚಲಿಲ್ಲ. ಮಾರ್ಚ್ 12ರಂದು ಸುದ್ದಿ ಬಂತು. ಭಾರತದಲ್ಲಿ ಕೊರೊನಾದಿಂದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ತೀರಿಕೊಂಡವರಿಗೆ 76 ವರ್ಷ, ಸೌದಿ ಅರೇಬಿಯಾದಿಂದ ಮರಳಿದ್ದವರು. ಆ ಸುದ್ದಿಯ ನಂತರ ಊರಿನಿಂದ ಬರುತ್ತಿದ್ದ ಫೋನುಗಳ ಧಾಟಿಯೇ ಬದಲಾಯಿತು. "ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದವರು "ಅವಸರ ಮಾಡ್ಬೇಡಿ, ಸದ್ಯ ಅಲ್ಲೇ ಇರಿ" ಎನ್ನತೊಡಗಿದರು. ಅವರದು ತಪ್ಪಲ್ಲ. ವಿಮಾನ ಇಳಿದು ಬಂದವರ ಕೈಗೆ ಮುದ್ರೆ ಒತ್ತುತ್ತಿದ್ದ, ಮನೆಬಾಗಿಲಿಗೆ ಚೀಟಿ ಅಂಟಿಸುತ್ತಿದ್ದ ಕಾಲ ಅದು. ಆದರೂ, ತಮ್ಮ ಊರಿಗೇ ತಾವು ಭಯದ ವಸ್ತುವಾದೆವು ಎಂಬ ಭಾವನೆ ಇಳಿವಯಸ್ಸಿನಲ್ಲಿ ಹಗುರವಾದದ್ದಲ್ಲ.

ಮಾರ್ಚ್ 16ರಂದು ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಜನ ಒಬ್ಬರಿಂದೊಬ್ಬರು ದೂರವಿರಬೇಕು, 70 ದಾಟಿದವರಂತೂ ವಿಶೇಷವಾಗಿ ಎಚ್ಚರ ವಹಿಸಬೇಕು ಎಂದರು. 18ರಿಂದ ಬ್ರಿಟನ್ನಿನಿಂದ ಹೊರಟವರಿಗೆ ಭಾರತದ ಬಾಗಿಲು ಬಂದಾಯಿತು. ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ ವಿಮಾನ ಹತ್ತಿಸುವಂತಿಲ್ಲ. 22ರಿಂದ ಯಾವ ದೇಶದಿಂದಲೂ ಪ್ರಯಾಣಿಕರ ವಿಮಾನವಿಲ್ಲ. 23ರ ರಾತ್ರಿ ಬ್ರಿಟನ್ನಿಗೆ ಬೀಗ ಬಿತ್ತು, 24ರ ಮಧ್ಯರಾತ್ರಿ ಭಾರತಕ್ಕೆ. ಬೆಳಗಾದರೆ 25, ಯುಗಾದಿ. ರೆಡಿಂಗಿನಲ್ಲಿ ಬೇವಿನೆಲೆ ಸಿಗಲಿಲ್ಲ. ಮಗಳು ಮೆಂತ್ಯದ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಟ್ಟಳು.

ಆ ಮನೆಯ ಒಳಗನ್ನು ಸ್ವಲ್ಪ ಹೇಳಬೇಕು. ಕೆಳಗೆ ಅಡುಗೆಮನೆ ಮತ್ತು ಕೂರುವ ಕೋಣೆ. ಮಲಗುವ ಕೋಣೆಗಳೂ ಸ್ನಾನದ ಮನೆಯೂ ಮೇಲೆ. ನಡುವೆ ಕಾರ್ಪೆಟ್ ಹಾಸಿದ ಕಿರಿದಾದ, ಕಡಿದಾದ ಮೆಟ್ಟಿಲು. ಇಂಗ್ಲೆಂಡಿನ ಬಹುಪಾಲು ಮನೆಗಳು ಹೀಗೆಯೇ. ಮಂಡಿನೋವಿನವರಿಗೆ ಒಮ್ಮೆ ಕೆಳಗಿಳಿದರೆ ಮತ್ತೆ ಹತ್ತುವುದು ಮಧ್ಯಾಹ್ನಕ್ಕೇ. ಮಾರ್ಚ್ 20ಕ್ಕೆ ಶಾಲೆಗಳು ಮುಚ್ಚಿದವು. ಮಗಳ ಕಚೇರಿ ಮೇಲಿನ ಕೋಣೆಗೆ ಬಂತು, ಅಳಿಯನದು ಊಟದ ಮೇಜಿಗೆ, ಮೊಮ್ಮಗನ ಶಾಲೆ ಸೋಫಾದ ಮೂಲೆಗೆ. ಉಳಿದ ಜಾಗ ನಮಗೆ. ಊಟದ ಮೇಜಿನ ಪಕ್ಕದಲ್ಲೇ ಅಡುಗೆಮನೆ. ಹೀಗಾಗಿ ಅಳಿಯನ ಮೀಟಿಂಗ್ ಇರುವಾಗ ಕುಕ್ಕರ್ ಇಡುವಂತಿಲ್ಲ. ಮಿಕ್ಸಿ ತಿರುವುವಂತಿಲ್ಲ. ಒಗ್ಗರಣೆ ಸಿಡಿದರೆ ಅವನು ಸರಕ್ಕನೆ ಕಂಪ್ಯೂಟರಿನ ಮೈಕ್ ಬಂದ್ ಮಾಡುತ್ತಿದ್ದ. ಪಾಪ, ಒಂದು ದಿನವೂ ಒಂದು ಮಾತು ಆಡಿದವನಲ್ಲ. ಆದರೆ ನಮಗೇ ಗೊತ್ತಾಗುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಅವನ ಮೀಟಿಂಗುಗಳ ಹೊತ್ತು ಕೇಳಿಕೊಂಡು ಅದರ ಪ್ರಕಾರ ಬೇಳೆ ಬೇಯಿಸುವುದು ರೂಢಿಯಾಯಿತು. ನಮ್ಮ ಯಜಮಾನರು ಊರಿಗೆ ಫೋನ್ ಮಾಡಬೇಕೆಂದರೆ ಹಿತ್ತಲ ಬಾಗಿಲು ತೆರೆದು ಹೊರಗೆ ನಿಂತು ಮಾತಾಡುತ್ತಿದ್ದರು. ದನಿ ತಗ್ಗಿಸಿ ಬದುಕುವುದು ಅಭ್ಯಾಸವಾದರೆ ಮನುಷ್ಯ ಮೆಲ್ಲಮೆಲ್ಲನೆ ಮಾತೇ ಕಡಿಮೆ ಮಾಡುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡೆ.

ಹೊರಗೆ ಹೋಗಲು ಪೂರ್ತಿ ತಡೆಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಡಲು ಸರ್ಕಾರವೇ ಅವಕಾಶ ಕೊಟ್ಟಿತ್ತು. ಆ ವಸಂತದಲ್ಲಿ ಬ್ರಿಟನ್ನಿನಲ್ಲಿ ಬಿದ್ದ ಬಿಸಿಲು ಅಲ್ಲಿನ ಅದುವರೆಗಿನ ದಾಖಲೆಗಳಲ್ಲೇ ಅತಿ ಹೆಚ್ಚು. ಬೀದಿಯಲ್ಲಿ ಚೆರ್ರಿ ಮರಗಳು ಹೂ ಬಿಟ್ಟಿದ್ದವು, ಥೇಮ್ಸ್ ನದಿಯ ದಂಡೆ ನಡೆದು ಹೋಗುವಷ್ಟು ಹತ್ತಿರ. ಆದರೆ ನಮ್ಮಂಥ ಎಷ್ಟು ಮನೆಗಳಲ್ಲಿ ಹಿರಿಯರು ಹೊರಗೆ ಹೋದರು? "ಅಮ್ಮಾ, ನೀನು ಸುಮ್ನೆ ಒಳಗಿರು, ಏನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದು ಮಗಳು ಕೇಳಿದರೆ ಯಾವ ತಾಯಿ ಚಪ್ಪಲಿ ಮೆಟ್ಟಿಯಾಳು? ಸರ್ಕಾರ ಹಾಕಿದ ನಿರ್ಬಂಧಕ್ಕಿಂತ ಮಕ್ಕಳ ಭಯ ಹಾಕಿದ ನಿರ್ಬಂಧ ಬಿಗಿಯಾಗಿತ್ತು. ಮನೆಯೊಳಗೇ ಇರುವವರು ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಆರೋಗ್ಯ ಇಲಾಖೆ ಏಪ್ರಿಲ್‌ನಲ್ಲಿ ಸಲಹೆ ಕೊಟ್ಟಿತು. ಕಪ್ಪು, ಕಂದು ಮೈಬಣ್ಣದವರಿಗೆ ಅಲ್ಲಿನ ಬಿಸಿಲಿನಿಂದ ಅದು ಸಾಕಷ್ಟು ಸಿಗುವುದಿಲ್ಲ ಎನ್ನುವ ಎಚ್ಚರಿಕೆಯೂ ಇತ್ತು. ನಾವು ಕಿಟಕಿಯ ಬಿಸಿಲಲ್ಲಿ ಕೂತೆವು. ಗಾಜಿನ ಮೂಲಕ ಬರುವ ಬಿಸಿಲಿನಿಂದ ಮೈಗೆ ಆ ಜೀವಸತ್ವ ದಕ್ಕುವುದಿಲ್ಲ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಇದೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು. ಯಜಮಾನರಿಗೆ ಸಕ್ಕರೆ ಕಾಯಿಲೆ, ಬಿಪಿ, ನನಗೆ ಥೈರಾಯ್ಡ್. ಏಪ್ರಿಲ್ ಕಳೆಯುತ್ತಿದ್ದಂತೆ ಮಾತ್ರೆಯ ಪಟ್ಟಿಗಳು ಖಾಲಿಯಾಗತೊಡಗಿದವು. ಊರಿನಿಂದ ಕೊರಿಯರ್ ಬರುವಂತಿಲ್ಲ. ನಮ್ಮ ಡಾಕ್ಟರು ಬರೆದ ಚೀಟಿ ಇದೆ, ಆದರೆ ಭಾರತದ ಡಾಕ್ಟರ ಚೀಟಿಗೆ ಅಲ್ಲಿನ ಔಷಧಿ ಅಂಗಡಿ ಮಾತ್ರೆ ಕೊಡುವುದಿಲ್ಲ. ಸಾಲದ್ದಕ್ಕೆ ಚೀಟಿಯಲ್ಲಿರುವುದು ಇಲ್ಲಿನ ಕಂಪನಿಗಳು ಇಟ್ಟ ಹೆಸರು. ಅಲ್ಲಿಯವರಿಗೆ ತಿಳಿಯಬೇಕಾದದ್ದು ಒಳಗಿನ ಔಷಧದ ಹೆಸರು: ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಥೈರಾಕ್ಸಿನ್, ಹೀಗೆ. ಪಟ್ಟಿಯ ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚಾದ ಆ ಹೆಸರನ್ನು ಮೊಮ್ಮಗ ಭೂತಗನ್ನಡಿ ಹಿಡಿದು ಓದಿ ಬರೆದುಕೊಟ್ಟ. ಅಷ್ಟರಲ್ಲಿ ನಮ್ಮ ಯಜಮಾನರು ಯಾರಿಗೂ ಹೇಳದೆ ದಿನಕ್ಕೆ ಎರಡು ಮಾತ್ರೆಯ ಬದಲು ಒಂದೇ ತೆಗೆದುಕೊಳ್ಳಲು ಶುರು ಮಾಡಿದ್ದರು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಮೆರಿಕದಲ್ಲಿದ್ದ ನನ್ನ ಗೆಳತಿಯ ಮನೆಯಲ್ಲೂ ಇದೇ ನಡೆದಿತ್ತು. ಮಕ್ಕಳಿಗೆ ಹೊರೆಯಾಗಬಾರದೆಂದು ಹಿರಿಯರು ಮೊದಲು ಕತ್ತರಿ ಹಾಕುವುದು ತಮ್ಮ ಮಾತ್ರೆಗೆ.

ದಾರಿ ತೋರಿಸಿದವರು ಎದುರುಮನೆಯ ಇಂಗ್ಲಿಷ್ ಅಜ್ಜಿ. 80 ದಾಟಿದವರು, ಗಂಡ ತೀರಿಹೋಗಿದ್ದಾರೆ, ಮಗ ಬೇರೆ ಊರಿನಲ್ಲಿ. ಅವರ ಪರಿಚಯವಾದದ್ದೇ ಲಾಕ್‌ಡೌನ್‌ನಿಂದ. ಮಾರ್ಚ್ 26ರಿಂದ ಮೇ 28ರವರೆಗೆ ಪ್ರತಿ ಗುರುವಾರ ರಾತ್ರಿ 8 ಗಂಟೆಗೆ ಇಡೀ ಬ್ರಿಟನ್ ಬಾಗಿಲಿಗೆ ಬಂದು ಆಸ್ಪತ್ರೆಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟುತ್ತಿತ್ತು. ಆ ಅಜ್ಜಿ ಮರದ ಸೌಟಿನಿಂದ ಬಾಣಲೆ ಬಡಿಯುತ್ತಿದ್ದರು. ನಾನು ಪೂಜೆಯ ಗಂಟೆ ಬಾರಿಸುತ್ತಿದ್ದೆ. ರಸ್ತೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ನಗುವುದು, ಆಮೇಲೆ ಕೈ ಬೀಸುವುದು, ಆಮೇಲೆ ಒಂದೆರಡು ಮಾತು. ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತಿತ್ತು. ಅವರದು ನನಗೆ ಮೊದಮೊದಲು ಅರ್ಧ.

ಮಾತ್ರೆಯ ಸಂಗತಿ ಅವರ ಕಿವಿಗೆ ಬಿದ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಡಾಕ್ಟರು ಯಾರು?" ನಮಗೆ ಅಲ್ಲಿ ಡಾಕ್ಟರೇ ಇರಲಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಅದೆಲ್ಲ ಎಲ್ಲಿ ಎಂದು ನಾವೂ ಮಕ್ಕಳೂ ತಿಳಿದಿದ್ದೆವು. ನಿಜವೆಂದರೆ, ಇಂಗ್ಲೆಂಡಿನಲ್ಲಿ ಜಿ.ಪಿ. ಎನ್ನುವ ಸ್ಥಳೀಯ ವೈದ್ಯರನ್ನು ಕಾಣಲು ಯಾರೂ ಹಣ ಕೊಡಬೇಕಿಲ್ಲ, ಹೊರದೇಶದವರು ಕೂಡ. ಮೂರು ತಿಂಗಳವರೆಗೆ ತಾತ್ಕಾಲಿಕ ರೋಗಿಯೆಂದು ಹೆಸರು ಬರೆಸಬಹುದು. 60 ದಾಟಿದವರಿಗೆ ಅವರು ಬರೆದ ಮಾತ್ರೆಗೂ ಶುಲ್ಕವಿಲ್ಲ. ದೊಡ್ಡಾಸ್ಪತ್ರೆಯ ಲೆಕ್ಕ ಬೇರೆ, ಅಲ್ಲಿ ಪ್ರವಾಸಿಗಳಿಗೆ ಬಿಲ್ ಭಾರಿ. ಆದರೆ ಕೋವಿಡ್ ಪರೀಕ್ಷೆ, ಚಿಕಿತ್ಸೆ ಮಾತ್ರ ಎಲ್ಲರಿಗೂ ಉಚಿತವಾಗಿತ್ತು. ಮಗಳು ಫೋನ್ ಮಾಡಿದಳು. ಡಾಕ್ಟರು ಫೋನಿನಲ್ಲೇ ವಿಚಾರಿಸಿದರು, ಔಷಧಿ ಅಂಗಡಿಯವರು ಪೊಟ್ಟಣವನ್ನು ಬಾಗಿಲಲ್ಲಿಟ್ಟು ಗಂಟೆ ಒತ್ತಿ ದೂರ ನಿಂತರು. ವಾರಗಟ್ಟಲೆ ನಮ್ಮ ನಿದ್ದೆ ಕೆಡಿಸಿದ್ದ ಸಮಸ್ಯೆ ಅಷ್ಟರಲ್ಲಿ ಮುಗಿಯಿತು.

ಆಮೇಲೆ ನಾನು ಆ ಅಜ್ಜಿಯ ದಿನಚರಿಯನ್ನು ಕಿಟಕಿಯಿಂದ ಗಮನಿಸತೊಡಗಿದೆ. ಬೆಳಗ್ಗೆ ಒಂದು ಸುತ್ತು ನಡಿಗೆ. ಅಂಗಡಿಯಲ್ಲಿ ಹಿರಿಯರಿಗೆಂದೇ ಮೀಸಲಿಟ್ಟ ಮೊದಲ ಗಂಟೆಗೆ ಹೋಗಿ ಹಾಲು, ಬ್ರೆಡ್. ಬೇರೆ ದಿನ ಸ್ವಯಂಸೇವಕರು ಸಾಮಾನು ತಂದಿಡುತ್ತಿದ್ದರು. ಸರ್ಕಾರ ಎರಡೂವರೆ ಲಕ್ಷ ಸ್ವಯಂಸೇವಕರನ್ನು ಕರೆದರೆ ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟಿದ್ದ ದೇಶ ಅದು. ಅವರ ಫೋನಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ನಂಬರುಗಳ ಹಾಳೆ ಇದೆಯಂತೆ: ಡಾಕ್ಟರು, ಔಷಧಿ ಅಂಗಡಿ, ಪಕ್ಕದ ಮನೆ, ಕೊಳಾಯಿ ರಿಪೇರಿಯವರು. ಒಂಟಿಯಾಗಿದ್ದ ಆ ಹೆಂಗಸಿಗೆ ಯಾವುದಕ್ಕೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು. ತುಂಬಿದ ಮನೆಯಲ್ಲಿದ್ದ ನಮಗೆ ಆ ಮನೆಯ ವಿಳಾಸ ಕೂಡ ಬಾಯಿಪಾಠ ಇರಲಿಲ್ಲ. ಹೆಬ್ಬಾಗಿಲ ಕೀಲಿಯ ಒಂದು ಪ್ರತಿ ನಮ್ಮ ಹತ್ತಿರ ಇರಲಿಲ್ಲ. ಫೋನ್ ಇತ್ತು, ಅದು ಊರಿನ ವಾಟ್ಸ್ಆ್ಯಪ್‌ಗೆ. ಅಂಗಡಿಯಲ್ಲಿ ಕೊಡಲು ಅಲ್ಲಿನ ಹಣ ಕೈಯಲ್ಲಿರಲಿಲ್ಲ, ಕಾರ್ಡೂ ಇರಲಿಲ್ಲ.

ತಪ್ಪು ತಿಳಿಯಬೇಡಿ. ಅವರ ಒಂಟಿತನವನ್ನು ನಾನು ಹೊಗಳುತ್ತಿಲ್ಲ. ಅದೆಂಥ ಒಂಟಿತನ ಎಂದು ಅವರ ಬಾಯಿಂದಲೇ ಕೇಳಿದ್ದೇನೆ. ಜೂನ್ 13ರಿಂದ, ಒಂಟಿಯಾಗಿರುವವರು ಇನ್ನೊಂದು ಮನೆಯವರ ಜೊತೆ ಸೇರಬಹುದು ಎಂದು ಇಂಗ್ಲೆಂಡ್ ಸರ್ಕಾರ ಸಡಿಲಿಕೆ ಕೊಟ್ಟಿತು. ಆ ವಾರ ಅವರ ಮಗ ಬಂದು ಬಾಗಿಲಲ್ಲೇ ತಾಯಿಯನ್ನು ತಬ್ಬಿಕೊಂಡ. ಅವರು ಅವನ ಭುಜಕ್ಕೆ ತಲೆಯಿಟ್ಟು ಎಷ್ಟು ಹೊತ್ತಾದರೂ ಬಿಡಲೇ ಇಲ್ಲ. ಅಲ್ಲಿನ ವೃದ್ಧಾಶ್ರಮಗಳಲ್ಲಂತೂ ಮಕ್ಕಳು ಗಾಜಿನಾಚೆ ನಿಂತು ಅಂಗೈ ತೋರಿಸಿ ಹೋಗುತ್ತಿದ್ದರು. ಆ ಬದುಕು ನಮಗೆ ಬೇಡ. ಆದರೆ ತನ್ನ ಕೆಲಸಕ್ಕೆ ತಾನೇ ದಾರಿ ಹುಡುಕಿಕೊಳ್ಳುವ ಆ ಸ್ವಾವಲಂಬನೆ ನಮಗೆ ಬೇಕು.

ಕೂಡಿ ಬಾಳುವುದನ್ನೂ ಆ ವರ್ಷ ಬೇರೆ ಕಣ್ಣಿನಿಂದ ನೋಡುವಂತೆ ಮಾಡಿತು. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ವರದಿಯೊಂದು ಬಂತು. ಅಲ್ಲಿನ ಬಿಳಿಯರಿಗೆ ಹೋಲಿಸಿದರೆ ಬಾಂಗ್ಲಾದೇಶ ಮೂಲದವರು ಕೋವಿಡ್‌ನಿಂದ ಸಾಯುವ ಸಂಭವ ಸುಮಾರು ಇಮ್ಮಡಿ. ಭಾರತ, ಪಾಕಿಸ್ತಾನ ಮೂಲದವರಿಗೆ ಶೇಕಡಾ 10ರಿಂದ 50ರಷ್ಟು ಹೆಚ್ಚು ಎಂದು ಅದರಲ್ಲಿತ್ತು. ಕಾರಣಗಳ ಬಗ್ಗೆ ಚರ್ಚೆ ಬಹಳ ನಡೆಯಿತು: ಬಸ್ಸು, ಟ್ಯಾಕ್ಸಿ, ಆಸ್ಪತ್ರೆಗಳಂಥ ಕಡೆ ದುಡಿಯುವವರಲ್ಲಿ ನಮ್ಮವರು ಬಹಳ, ಸಕ್ಕರೆ ಕಾಯಿಲೆ ಬಹಳ, ಅಜ್ಜಿ ತಾತ ಮೊಮ್ಮಕ್ಕಳು ಒಂದೇ ಸೂರಿನಡಿ ಇರುವ ಮನೆಗಳೂ ಬಹಳ. ನಾವು ಹೆಮ್ಮೆಪಡುವ ತುಂಬು ಸಂಸಾರವೇ ಸೋಂಕಿಗೂ ದಾರಿಯಾಯಿತು. ಅದನ್ನು ಓದಿದ ರಾತ್ರಿಯಿಂದ ಮಗಳು ಸಾಮಾನು ತಂದು ಒಳಗೆ ಬಂದವಳು ಸ್ನಾನ ಮಾಡುವವರೆಗೂ ನಮ್ಮ ಮುಖ ನೋಡುತ್ತಿರಲಿಲ್ಲ. ಆ ಮಕ್ಕಳ ಕಷ್ಟ ನಮಗಿಂತ ಕಡಿಮೆಯದಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಒಂದು ಕಡೆ, ತಂದೆತಾಯಿಗೆ ತಮ್ಮಿಂದಲೇ ರೋಗ ಬಂದರೆ ಎಂಬ ದಿಗಿಲು ಇನ್ನೊಂದು ಕಡೆ.

ಏಪ್ರಿಲ್ ಕೊನೆಯಲ್ಲಿ ಹಾಸನದಲ್ಲಿ ನನ್ನ ಅಕ್ಕ ತೀರಿಕೊಂಡಳು. ಕೊರೊನಾದಿಂದಲ್ಲ, ಹೃದಯದ ತೊಂದರೆಯಿಂದ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ಆದೇಶ ಇಲ್ಲಿತ್ತು. ಬೆಂಗಳೂರಿನಲ್ಲಿದ್ದ ತಮ್ಮನಿಗೇ ಹೋಗಲಾಗಲಿಲ್ಲ ಎಂದಮೇಲೆ ನಮ್ಮ ಮಾತೇನು. ಅಕ್ಕನ ಮಗ ವಿಡಿಯೊ ಕರೆ ಮಾಡಿ, "ಚಿಕ್ಕಮ್ಮ, ನೋಡ್ಕೊಂಡ್ಬಿಡಿ" ಎಂದು ಫೋನನ್ನು ಅವಳ ಮುಖದ ಹತ್ತಿರ ಹಿಡಿದ. ಹಾಸನದಲ್ಲಿ ಹನ್ನೊಂದೂವರೆ, ರೆಡಿಂಗಿನಲ್ಲಿ ಬೆಳಗಿನ ಏಳು. ಅರಿಶಿನ ಕುಂಕುಮ ಇಟ್ಟಿದ್ದರು, ಮೂಗುತಿ ಹೊಳೆಯುತ್ತಿತ್ತು. ನೆಟ್‌ವರ್ಕ್ ಸಾಲದೆ ಚಿತ್ರ ಅಲ್ಲೇ ನಿಂತುಬಿಟ್ಟಿತು. ದನಿ ಮಾತ್ರ ಬರುತ್ತಿತ್ತು. ಕರೆ ಕಡಿದ ಮೇಲೆ ತಲೆಗೆ ನೀರು ಹಾಕಿಕೊಂಡು ಕೆಳಗೆ ಬಂದೆ. ಒಂಬತ್ತಕ್ಕೆ ಎಂದಿನಂತೆ ಮನೆ ಕಚೇರಿಯಾಯಿತು. ಗಟ್ಟಿಯಾಗಿ ಅಳಲು ಒಂದು ಜಾಗ ಬೇಕು ಎಂಬುದು ನನಗೆ ಅವತ್ತು ತಿಳಿಯಿತು. ಸತ್ತ ಮನೆಗೆ ಹೋಗುವುದು, ನಾಲ್ಕು ಜನರ ನಡುವೆ ಕೂರುವುದು, ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ, ಇವೆಲ್ಲ ಬರೀ ಶಾಸ್ತ್ರವಲ್ಲ. ದುಃಖ ಇಳಿಯಲು ಇರುವ ಮೆಟ್ಟಿಲುಗಳು. ಆ ಮೆಟ್ಟಿಲು ಸಿಗದವರು ಬಹಳ ದಿನ ಮೇಲೆಯೇ ನಿಂತಿರುತ್ತಾರೆ. ನನ್ನ ಅಕ್ಕನ ಮನೆಗೆ ನಾನು ಹೋದದ್ದು ಅವಳ ಹಾಸಿಗೆ ಬಟ್ಟೆಗಳನ್ನೆಲ್ಲ ಕೊಟ್ಟು ಕೋಣೆ ಖಾಲಿ ಮಾಡಿದ ಮೇಲೆ.

ವೀಸಾ ಮುಗಿದರೆ ಏನು ಗತಿ ಎಂಬ ಭಯವೂ ಇತ್ತು. ಬ್ರಿಟನ್ ಮೊದಲು ಮೇ 31ರವರೆಗೆ, ಆಮೇಲೆ ಜುಲೈ 31ರವರೆಗೆ ಅವಧಿ ವಿಸ್ತರಿಸಿತು, ಮರಳಿ ಹೊರಡಲು ಆಗಸ್ಟ್ ತಿಂಗಳನ್ನೂ ಕೊಟ್ಟಿತು. ಅಮೆರಿಕದಲ್ಲಿದ್ದ ಹಿರಿಯರು ಶುಲ್ಕ ಕಟ್ಟಿ ಅರ್ಜಿ ಹಾಕಿ ಕಾಯಬೇಕಾಯಿತು. ಮೇ 7ರಿಂದ, ಹೊರದೇಶಗಳಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಲಂಡನ್ನಿನಿಂದ ಬೆಂಗಳೂರಿಗೆ ಮೊದಲ ವಿಮಾನ ಮೇ 11ರ ಬೆಳಗಿನ ಜಾವ ಮುನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಇಳಿಯಿತು. ಹಿರಿಯರಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ಮೊದಲ ಆದ್ಯತೆ. ಇಳಿದವರು ಹೋಟೆಲಿನಲ್ಲಿ 14 ದಿನ ಸ್ವಂತ ಖರ್ಚಿನಲ್ಲಿ ಇರಬೇಕು. ರಾಯಭಾರ ಕಚೇರಿಯ ಪಟ್ಟಿಯಲ್ಲಿ ನಮ್ಮ ಹೆಸರು ಬಂದದ್ದು ಮಳೆಗಾಲದಲ್ಲಿ.

ಆಮೇಲೆ ಒಮ್ಮೆ ಲಂಡನ್ನಿಗೆ ಹೋದಾಗ ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆ ನೋಡಲು ಹೋಗಿದ್ದೆವು, 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು. ಅಲ್ಲಿಂದ ಹೊಳೆಯ ಗುಂಟ ಲ್ಯಾಂಬೆತ್ ಸೇತುವೆ ದಾಟಿ ಮುಂದೆ ನಡೆದರೆ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಉದ್ದದ ಒಂದು ಗೋಡೆ. 2021ರ ಮಾರ್ಚ್‌ನಿಂದ ಜನ ಅದರ ಮೇಲೆ ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಸತ್ತ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೆಯುತ್ತ ಬಂದಿದ್ದಾರೆ. ಎರಡು ಲಕ್ಷಕ್ಕೂ ಹೆಚ್ಚು ಹೃದಯಗಳು. ಒಳಗೆ ಅಪ್ಪ, ಅಮ್ಮ, ಅಜ್ಜಿ ಎಂದು ಬರೆದವೇ ಜಾಸ್ತಿ. ಭಾರತದ ಹೆಸರುಗಳೂ ಇವೆ.

ಈಗ ವಿಮಾನಗಳು ಮತ್ತೆ ತುಂಬಿ ಹಾರುತ್ತಿವೆ. ಮುಂದಿನ ತಿಂಗಳು ಮಕ್ಕಳ ದೇಶಕ್ಕೆ ಹೊರಡುವ ಹಿರಿಯರೂ, ತಂದೆತಾಯಿಯನ್ನು ಕರೆಸಿಕೊಳ್ಳುವ ಮಕ್ಕಳೂ ಇದನ್ನು ಕೇಳುತ್ತಿರಬಹುದು. ಅವರಲ್ಲಿ ನನ್ನದೊಂದು ಕೋರಿಕೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ ಕಟ್ಟುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಕೂತು ಪ್ರತಿ ಮಾತ್ರೆಯ ಒಳಗಿನ ಔಷಧದ ಹೆಸರನ್ನೂ ಪ್ರಮಾಣವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಬರೆಸಿಕೊಳ್ಳಿ; ಇರುವ ದಿನಕ್ಕಿಂತ ಹೆಚ್ಚಿಗೆ ಮಾತ್ರೆ ಎಷ್ಟು ಒಯ್ಯಬಹುದೆಂದು ಕೇಳಿ. ವಿಮೆಯ ಕಾಗದದಲ್ಲಿ ಹಳೆಯ ಕಾಯಿಲೆಗಳಿಗೆ ರಕ್ಷಣೆ ಇದೆಯೇ ಎಂಬ ಸಾಲನ್ನು ಮಕ್ಕಳಿಂದ ಓದಿಸಿಕೊಳ್ಳಿ. ಮಕ್ಕಳೇ, ಅಪ್ಪ ಅಮ್ಮ ಬಂದಿಳಿದ ವಾರವೇ ಹತ್ತಿರದ ಡಾಕ್ಟರಲ್ಲಿ ಅವರ ಹೆಸರು ಬರೆಸಲು ಆಗುತ್ತದೆಯೇ ವಿಚಾರಿಸಿ. ಮನೆಯ ಕೀಲಿ ಒಂದು ಅವರ ಕೈಗೆ ಕೊಡಿ, ಅಲ್ಲಿನ ಸ್ವಲ್ಪ ಹಣ ಕೊಡಿ. ವಿಳಾಸವನ್ನೂ ಆ್ಯಂಬುಲೆನ್ಸಿನ ನಂಬರನ್ನೂ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಪಕ್ಕದ ಮನೆಯವರಿಗೆ ಅವರನ್ನು ಪರಿಚಯ ಮಾಡಿಸಿ. ಅವರು ಒಬ್ಬರೇ ನಡೆದು ಹೋಗಿ ಬರಲಿ. ಮೊದಲ ಎರಡು ದಿನ ಜೊತೆಗೆ ಹೋಗಿ ದಾರಿ ತೋರಿಸಿ, ಮೂರನೆಯ ದಿನ ಬಿಟ್ಟುಕೊಡಿ.